ಕಾಲೇಜು ಆವರಣದ ತೋಟದಿಂದ ಓದಿಗೂ ಮನಸ್ಸಿಗೂ ಏನು ಸಿಗುತ್ತದೆ?

ಕಾಲೇಜಿನ ತೋಟ ಬರೀ ಅಂದಕ್ಕಾ, ಇಲ್ಲ ಅದರಿಂದ ಬೇರೇನಾದರೂ ಉಪಯೋಗ ಇದೆಯಾ ಎಂದು ಕೇಳಿದ್ದೀರಿ. ಖಂಡಿತ ಇದೆ. ಆದರೆ ದೂರದಿಂದ ನೋಡುವ ತೋಟ ಸಾಲದು, ಕೈ ಮಣ್ಣಾಗುವ ತೋಟ ಬೇಕು.

ತೋಟದಲ್ಲಿ ಪಾಠ ಮಾಡುವುದು ಹೊಸದೇನಲ್ಲ. ಇಟಲಿಯ ಪಡುವಾ ವಿಶ್ವವಿದ್ಯಾಲಯ 1545ರಲ್ಲೇ ಔಷಧಿ ಗಿಡಗಳ ತೋಟ ಮಾಡಿತು. ನೋಡಲು ಒಂದೇ ಥರ ಇರುವ ಗಿಡಗಳಲ್ಲಿ ಸರಿಯಾದದ್ದು ಯಾವುದು ಎಂದು ವೈದ್ಯಕೀಯ ವಿದ್ಯಾರ್ಥಿಗಳು ಗುರುತಿಸಬೇಕಿತ್ತು. ತಪ್ಪಿದರೆ ರೋಗಿಯ ಜೀವಕ್ಕೇ ಅಪಾಯ. ಆ ತೋಟ ಇವತ್ತಿಗೂ ಅದೇ ಜಾಗದಲ್ಲಿದೆ.

ಒಂದು ಹುರುಳಿಕಾಯಿ ಗಿಡವನ್ನು ಬೇರುಸಮೇತ ಕಿತ್ತು ನೋಡಿ. ಬೇರಿನಲ್ಲಿ ಪುಟ್ಟ ಗಂಟುಗಳಿರುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡ ಬಳಸುವಂತೆ ಮಾಡಿಕೊಡುತ್ತವೆ. ಗಂಟನ್ನು ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಅವು ಕೆಲಸದಲ್ಲಿವೆ ಎಂದರ್ಥ. ಹತ್ತು ಸಲ ಓದಿದ್ದಕ್ಕಿಂತ ಇದು ಜಾಸ್ತಿ ನೆನಪಿರುತ್ತದೆ, ಅಲ್ವಾ?

ಕಳೆ ಕೀಳುವಾಗ ಪ್ರೊಫೆಸರು, ಗುಮಾಸ್ತರು, ಮೊದಲ ವರ್ಷದ ಹುಡುಗಿ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಅಲ್ಲಿ ಗಿಡ ಗೊತ್ತಿರುವ ಮಾಲಿಯೇ ಮೇಷ್ಟ್ರು. ಇದು ನನಗೆ ತುಂಬಾ ಇಷ್ಟದ ವಿಷಯ.

ಪರೀಕ್ಷೆಯ ದಿನಗಳಲ್ಲಿ ಸುಮ್ನೆ ಹತ್ತು ನಿಮಿಷ ನೀರು ಹಾಕಿ ಬನ್ನಿ. ಗಿಡ ಅಂಕ ಕೇಳುವುದಿಲ್ಲ, ಅವಸರವನ್ನೂ ಮಾಡುವುದಿಲ್ಲ. ಮನಸ್ಸು ತಾನಾಗೇ ನಿಧಾನವಾಗುತ್ತದೆ.

ಶುರು ಮಾಡುವುದಾದರೆ ಎರಡೇ ಪಾತಿ ಸಾಕು. ರಜೆಯಲ್ಲಿ ನೀರು ಹಾಕುವವರು ಯಾರು ಎಂದು ಮಾತ್ರ ಮೊದಲೇ ಬರೆದಿಡಿ. ಎಷ್ಟೋ ತೋಟಗಳು ಒಣಗುವುದು ಆಗಲೇ.