ಪ್ರತಿಕ್ರಿಯೆ: ಇನ್ನಷ್ಟು ಲೇಖನ ಹುಡುಕಬೇಕಾ?

ನಮಸ್ಕಾರ. ಪುಣೆಯಲ್ಲಿ ಎಂ.ಎ. ಇತಿಹಾಸ ಓದುತ್ತಿದ್ದೀರಿ, ಪಾನ್‌ಶೇತ್ ಅಣೆಕಟ್ಟು ಒಡೆದು ಪುಣೆಗೆ ನುಗ್ಗಿದ ಪ್ರವಾಹದ ಬಗ್ಗೆ ರಾಶಿ ಲೇಖನ ಇಳಿಸಿಕೊಂಡರೂ ಪ್ರಬಂಧ ಬರೀ ಅಂಟಿಸಿದ ಹಾಗಿದೆ, ಇನ್ನೂ ಹುಡುಕಬೇಕಾ ಅಂತ ಕೇಳಿದ್ದೀರಿ. ಬೇಡ, ಹುಡುಕಿದ್ದು ಸಾಕು. ಬಳಸುವ ರೀತಿ ಬದಲಾಗಬೇಕು.

ಆಸ್ಟ್ರೇಲಿಯಾದ ಸಂಶೋಧಕಿ ಕ್ರಿಸ್ಟೀನ್ ಬ್ರೂಸ್ 2008ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಮಾಹಿತಿ ಬಳಸುವುದು, ವಿಷಯ ಕಲಿಯುವುದು ಎರಡೂ ಒಟ್ಟಿಗೇ ನಡೆಯಬೇಕು ಅನ್ನುವುದು ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ.

ನಿಮ್ಮ ವಿಷಯವನ್ನೇ ನೋಡಿ. 1961ರ ಜುಲೈ 12ರಂದು ಅಣೆಕಟ್ಟು ಒಡೆಯಿತು. ಇದನ್ನು ಹತ್ತು ಕಡೆಯಿಂದ ತಂದರೂ ಗೊತ್ತಾಗುವುದು ಅಷ್ಟೇ ಅಲ್ವಾ? ಅದರ ಬದಲು ಮೂರೇ ಮೂಲ ಎದುರಿಗಿಟ್ಟುಕೊಳ್ಳಿ: ಆ ವಾರದ ಪತ್ರಿಕೆ, ಸರ್ಕಾರಿ ದಾಖಲೆ, ನದಿ ಪಕ್ಕದ ಪೇಠೆಗಳಲ್ಲಿದ್ದ ಹಿರಿಯರ ಮಾತು. (ನಿಮ್ಮ ಕಡೆ ತುಂಬಾ ಹಿಂದಿನಿಂದ ಇರುವ ಕನ್ನಡಿಗರ ಮನೆಗಳಿದ್ದರೆ ಅಲ್ಲಿಂದಲೇ ಶುರು ಮಾಡಿ, ಮಾತು ಸಲೀಸಾಗಿ ಬರುತ್ತದೆ.) ಯಾರು ಯಾರಿಗಾಗಿ ಹೇಳುತ್ತಿದ್ದಾರೆ? ಒಬ್ಬರು ಒತ್ತಿ ಹೇಳಿದ್ದನ್ನು ಇನ್ನೊಬ್ಬರು ಯಾಕೆ ಬಿಟ್ಟಿದ್ದಾರೆ? ಅಲ್ಲಿ ಹುಟ್ಟುವ ಪ್ರಶ್ನೆಯೇ ನಿಮ್ಮ ಪ್ರಬಂಧದ ಪ್ರಶ್ನೆ. ಮೂಲಗಳನ್ನು ಮುಚ್ಚಿಟ್ಟು ಅದರ ಬಗ್ಗೆ ಒಂದು ಪುಟ ಸ್ವಂತ ಮಾತಲ್ಲಿ ಬರೆಯಿರಿ. ಮಾರ್ಗದರ್ಶಕರಿಗೆ ಮೊದಲು ಆ ಪುಟವನ್ನೇ ತೋರಿಸಿ.