ಪೇತ್ರನನ್ನು ಪೌಲ ಎಲ್ಲರೆದುರು ಗದರಿದ್ದು ತಪ್ಪೇ?

ಪ್ರಶ್ನೆ: ತಪ್ಪು ಮಾಡಿದ ಸಹೋದರನಿಗೆ ಮೊದಲು ಏಕಾಂತದಲ್ಲಿ ಬುದ್ಧಿ ಹೇಳಬೇಕೆಂದು ಮತ್ತಾಯ 18ರಲ್ಲಿ ಯೇಸುವೇ ಹೇಳಿದ್ದಾರೆ. ಹಾಗಿರುವಾಗ ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಸಭೆಯ ಮುಂದೆ ಗದರಿದ್ದು ಸರಿಯೇ? ಅದು ಇಬ್ಬರೂ ಮಾತಾಡಿಕೊಂಡು ಆಡಿದ ನಾಟಕ ಎನ್ನುತ್ತಾರೆ ನಮ್ಮ ಬೋಧಕರು.

ಉತ್ತರ: ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಅನೇಕರಿಗೆ ಪೌಲನ ಚಿಂತೆಯಿಲ್ಲ. ತಮ್ಮ ಹಿರಿಯರನ್ನು ಪ್ರಶ್ನಿಸಿದವನ ಬಾಯಿ ಮುಚ್ಚಿಸಲು ಒಂದು ವಚನ ಬೇಕಾಗಿದೆ, ಅಷ್ಟೆ.

ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ತೆರೆಯಿರಿ. ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದದ್ದೇ ತಡ, ಮೆಲ್ಲಗೆ ಹಿಂದೆ ಸರಿದ. ನಂಬಿಕೆ ಬದಲಾಗಿರಲಿಲ್ಲ, ಬಂದವರ ಭಯ ಹಿಡಿದಿತ್ತು. ಪೌಲ ಅದನ್ನು ಕಪಟವೆಂದದ್ದು ಅದಕ್ಕೇ. ಉಳಿದ ಯೆಹೂದ್ಯ ವಿಶ್ವಾಸಿಗಳೂ ಪೇತ್ರನನ್ನೇ ಅನುಸರಿಸಿದರು. ಕೊನೆಗೆ ಬಾರ್ನಬನೂ ಎದ್ದುಹೋದ, ಪೌಲನ ಜೊತೆ ಊರೂರು ಅಲೆದು ಸುವಾರ್ತೆ ಸಾರಿದ ಅದೇ ಬಾರ್ನಬ! ಪಂಕ್ತಿಭೇದ ಎಂದರೇನೆಂದು ಬಲ್ಲ ಕನ್ನಡಿಗರಿಗೆ, ಅಲ್ಲೇ ಕುಳಿತು ಉಳಿದವರ ಮುಖ ಹೇಗಾಗಿರಬೇಕೆಂದು ನಾನು ವಿವರಿಸಬೇಕಿಲ್ಲ.

ಅವಮಾನ ನಾಲ್ವರೆದುರು ನಡೆದುಹೋಗಿತ್ತು. ಪೇತ್ರನನ್ನು ಒಳಕೋಣೆಗೆ ಕರೆದು ಪಿಸುಗುಟ್ಟಿದ್ದರೆ ಆ ಜನರಿಗೆ ನ್ಯಾಯ ಸಿಗುತ್ತಿತ್ತೇ? ಮತ್ತಾಯ 18 ಸಹೋದರರ ನಡುವಿನ ತಪ್ಪಿನ ವಿಷಯ; ಅಲ್ಲಿಯೂ ಕೇಳದಿದ್ದರೆ ಸಾಕ್ಷಿಗಳು, ಆಮೇಲೆ ಇಡೀ ಸಭೆ. ನಿಮ್ಮ ಬೋಧಕರು ಅಷ್ಟು ದೂರ ಓದಿದಂತಿಲ್ಲ.

ನಾಟಕದ ವಾದ ಅವರ ಸ್ವಂತದ್ದೂ ಅಲ್ಲ. ಆದಿಸಭೆಯ ಪಂಡಿತ ಒರಿಗೆನನ ಜಾಡು ಹಿಡಿದು, ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ನಾಲ್ಕನೆಯ ಶತಮಾನದಲ್ಲೇ ಹಾಗೆ ಬರೆದ. ಉತ್ತರ ಆಫ್ರಿಕದ ಹಿಪ್ಪೋದಿಂದ ಬಿಷಪ್ ಅಗಸ್ಟೀನ್ ಪತ್ರ ಬರೆದು ಆಕ್ಷೇಪಿಸಿದ: ಗ್ರಂಥದಲ್ಲಿ ಒಂದು ಉಪಯುಕ್ತ ಸುಳ್ಳನ್ನು ಒಪ್ಪಿಕೊಂಡರೆ ಆಮೇಲೆ ಯಾವ ವಚನಕ್ಕೆ ಬೆಲೆ? ತಮಾಷೆಯೆಂದರೆ, ಆ ಪತ್ರ ಬೆತ್ಲೆಹೇಮಿನಲ್ಲಿದ್ದ ಜೆರೋಮನ ಕೈ ಸೇರುವ ಮೊದಲೇ ಇಟಲಿಯಲ್ಲಿ ಕೈಯಿಂದ ಕೈಗೆ ಓಡಾಡಿತು. ಜೆರೋಮ್ ಕೆರಳಿದ. ನನ್ನ ತೀರ್ಪು ಅಗಸ್ಟೀನನ ಕಡೆಗೇ.

ಹಾಗೆಂದು ಕೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಹರಿಯಬಿಡುವವರು ಪೌಲನ ಹೆಸರು ಎತ್ತಬೇಡಿ. ಹಿರಿಯನ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳಿರಬೇಕೆಂದು ಒಂದನೆಯ ತಿಮೊಥೆಯ ಐದನೆಯ ಅಧ್ಯಾಯ ಹೇಳುತ್ತದೆ. ಪಾಪದಲ್ಲಿ ಮುಂದುವರಿಯುವವರನ್ನು ಎಲ್ಲರೆದುರು ಗದರಿಸು ಎಂಬುದೂ ಅದರ ಮರುವಚನದಲ್ಲೇ ಇದೆ. ಸಾಕ್ಷಿ ಸಿಗುವವರೆಗೆ ಸುಮ್ಮನಿರಿ. ಸಿಕ್ಕ ಮೇಲೆ ಸುಮ್ಮನಿರಬೇಡಿ.

ಪ್ರಶ್ನೆ: ಪತ್ರದಲ್ಲಿ ಪೇತ್ರನನ್ನು ‘ಕೇಫ’ ಎಂದೂ ಕರೆದಿದೆ. ಗದರಿಸಿಕೊಂಡ ಆ ಕೇಫ ಪೇತ್ರನಲ್ಲ, ಬೇರೆ ಯಾರೋ ಅಂತೆ?

ಉತ್ತರ: ಆದಿಸಭೆಯ ಬೋಧಕ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಹೂಡಿದ ವಾದ. ಪತ್ರದಲ್ಲಿ ಅದಕ್ಕೆ ಆಧಾರವಿಲ್ಲ.

ಪ್ರಶ್ನೆ: ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರಾದ ಫರಿಸಾಯರೆಲ್ಲರೂ ಕಪಟಿಗಳೇ?

ಉತ್ತರ: ಅಲ್ಲ. ಪೌಲನೇ ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಮುಂದೆ ‘ನಾನು ಫರಿಸಾಯ’ ಎಂದು ಹೇಳಿಕೊಂಡ.

ಪ್ರಶ್ನೆ: ‘ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ’ ಎಂದಿರುವಾಗ ದೇವಸೇವಕರಿಂದ ಲೆಕ್ಕ ಕೇಳಬಹುದೇ?

ಉತ್ತರ: ಕೇಳಿ. ಕೀರ್ತನೆ 105ರಲ್ಲಿ ಆ ಮಾತನ್ನು ಹೇಳಿದ್ದು ಅಬ್ರಹಾಮ, ಇಸಾಕ, ಯಾಕೋಬರಿಗೆ ಕೇಡು ಮಾಡಬಾರದೆಂದು ಅರಸರಿಗೆ. ಕಾಣಿಕೆ ಪೆಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಸುಳ್ಳು ಪ್ರವಾದಿಯನ್ನು ಆದಿಸಭೆ ಹೇಗೆ ಗುರುತಿಸುತ್ತಿತ್ತು? ನಮ್ಮೂರಿಗೆ ಬಂದಿರುವವರು ಅಭಿಷೇಕದ ಎಣ್ಣೆ ಮಾರುತ್ತಿದ್ದಾರೆ.

ಉತ್ತರ: ‘ದಿದಖೆ’ ಎಂಬ ಆದಿಸಭೆಯ ಕೈಪಿಡಿ ಮುಲಾಜಿಲ್ಲದೆ ಹೇಳುತ್ತದೆ. ಮೂರನೆಯ ದಿನವೂ ಬಿಡಾರ ಹೂಡಿದವನು, ಹೊರಡುವಾಗ ದಾರಿಯ ರೊಟ್ಟಿ ಬಿಟ್ಟು ಹಣ ಕೇಳಿದವನು, ಆತ್ಮಾವೇಶದಲ್ಲಿ ಊಟ ಬಡಿಸಿರೆಂದು ಅಪ್ಪಣೆ ಕೊಡಿಸಿ ತಾನೇ ಉಂಡವನು, ಬೋಧಿಸಿದ್ದನ್ನು ತಾನು ಮಾಡದವನು: ಇವರೆಲ್ಲ ಸುಳ್ಳು ಪ್ರವಾದಿಗಳು. ಎಣ್ಣೆ ಕೊಳ್ಳಬೇಡಿ.