ಬ್ಯಾಗಿನಲ್ಲಿ ಸಿಗರೇಟ್ ಸಿಕ್ಕಿದ ರಾತ್ರಿ ಏನು ಮಾಡಬಾರದು

ಚಟ ಬಿಡಿಸುವ ಡಾಕ್ಟರಾದ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಪತ್ರ: ಮಗುವಿನ ಬ್ಯಾಗಿನಲ್ಲಿ ಇಂಥದ್ದು ಸಿಕ್ಕಿತು, ಏನು ಮಾಡಲಿ? ಮಗುವಿನ ವಯಸ್ಸು ಬೇರೆ, ಸಿಕ್ಕಿದ ವಸ್ತು ಬೇರೆ, ಅಷ್ಟೇ. ಎಷ್ಟು ಸಲ ಉತ್ತರ ಬರೆದರೂ ಮನೆಯಿಂದ ಮನೆಗೆ ಅದೇ ತಪ್ಪು ಅದೇ ಕ್ರಮದಲ್ಲಿ ನಡೆಯುತ್ತಿದೆ. ಅದಕ್ಕೇ ಈ ಸಲ ಆ ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ, ಕುಡಿತದಿಂದ ಲಿವರ್ ಹೋಗುತ್ತದೆ ಅಂತೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತು. ಮಕ್ಕಳಿಗೂ ಗೊತ್ತು.

ಪ್ರಶ್ನೆ: ಮಗನಿಗೆ 14 ವರ್ಷ. ಮನೆಯಲ್ಲೇ ನಮ್ಮ ಮುಂದೆ ಸ್ವಲ್ಪ ಬಿಯರ್ ಕೊಟ್ಟು ರೂಢಿ ಮಾಡಿಸಿದರೆ ಹೊರಗೆ ಹೋಗಿ ಅತಿ ಮಾಡುವುದಿಲ್ಲ ಅಂತಾರೆ. ನಿಜವೇ?

ಉತ್ತರ: ಸುಳ್ಳು. ಕೊಡಬೇಡಿ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನು ಆರು ವರ್ಷ ಗಮನಿಸಿ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ತಂದೆ ತಾಯಿಯೇ ಕೊಟ್ಟರೆ ಮಗುವಿಗೆ ರಕ್ಷಣೆ ಸಿಗುತ್ತದೆ ಅನ್ನುವುದಕ್ಕೆ ಏನೂ ಆಧಾರ ಸಿಗಲಿಲ್ಲ. ಮನೆಯಲ್ಲಿ ಸಿಕ್ಕವರು ಹೊರಗಿನವರಿಂದಲೂ ಪಡೆದು ಕುಡಿಯುವ ಸಾಧ್ಯತೆ ಜಾಸ್ತಿಯೇ ಆಗಿತ್ತು.

ಪ್ರಶ್ನೆ: ಕುಡಿತ ಬಿಡಿಸುವ ಪುಡಿ ಒಂದನ್ನು ತರಿಸಿದ್ದೇವೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಬೇಕಂತೆ. ಮಗನಿಗೆ 19. ಕೊಡಬಹುದೇ?

ಉತ್ತರ: ಇವತ್ತೇ ಬಿಸಾಡಿ. ಒಳಗೆ ಏನಿದೆ ಅಂತ ಮಾರಿದವನು ಹೇಳಿದ್ದಾನೆಯೇ? ಡೈಸಲ್ಫಿರಾಂ ಅನ್ನುವ ಮಾತ್ರೆ ಒಂದಿದೆ. ಕುಡಿತ ಬಿಡಲು ಮನಸ್ಸು ಮಾಡಿದವರಿಗೆ, ಎಲ್ಲ ತಿಳಿಸಿ ಒಪ್ಪಿಗೆ ಪಡೆದು, ನಾವು ಕೊಡುತ್ತೇವೆ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಅಂಥದ್ದನ್ನು ಅರೆದು ಪುಡಿಯಲ್ಲಿ ಸೇರಿಸಿದ್ದರೆ, ಏನೂ ಗೊತ್ತಿಲ್ಲದ ನಿಮ್ಮ ಮಗ ಆ ಸಂಜೆ ಗೆಳೆಯರ ಜೊತೆ ಕುಡಿಯುತ್ತಾನೆ. ಇಂಥ ಪುಡಿ ಮಾರುವವರ ಮೇಲೆ ನನಗಿರುವ ಸಿಟ್ಟನ್ನು ಬರೆದು ಹೇಳಲಾಗದು.

ಈಗ ಆ ದೊಡ್ಡ ಪ್ರಶ್ನೆ.

ಪ್ರಶ್ನೆ: ನನ್ನ ಮಗನಿಗೆ 16. ತೊಳೆಯಲು ಅಂತ ಬ್ಯಾಗ್ ತೆಗೆದೆ. ಒಳಗೆ ಸಿಗರೇಟ್ ಪ್ಯಾಕ್, ಕಾಗದದಲ್ಲಿ ಸುತ್ತಿದ ಗಾಂಜಾ ಸಿಕ್ಕಿತು. ನಾಲ್ಕು ದಿನವಾಯಿತು, ಅವನಿಗೆ ಇನ್ನೂ ಏನೂ ಹೇಳಿಲ್ಲ. ನಾಲ್ಕು ಬಾರಿಸಿದರೆ ಸರಿಹೋಗುತ್ತಾನೆ ಅಂತಾರೆ ನಮ್ಮ ಯಜಮಾನರು. ಹಾಸ್ಟೆಲ್‌ಗೆ ಹಾಕು, ಸಹವಾಸ ತಪ್ಪುತ್ತದೆ ಅಂತಾನೆ ನನ್ನ ಅಣ್ಣ. ಅವನ ಮೊಬೈಲ್ ನೋಡೋಣ ಅಂದರೆ ಪಾಸ್‌ವರ್ಡ್ ಹಾಕಿದ್ದಾನೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ನಾಲ್ಕು ದಿನ ಸುಮ್ಮನಿದ್ದೆ ಅಂತ ಕೊರಗಬೇಡಿ ತಾಯಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸಿಕ್ಕಿದ ಐದು ನಿಮಿಷದಲ್ಲೇ ಕೂಗಾಡಿರುತ್ತಾರೆ. ಆ ರಾತ್ರಿ ಆಡಿದ ಮಾತನ್ನು ತಿದ್ದಲು ನನಗೆ ತಿಂಗಳುಗಟ್ಟಲೆ ಬೇಕಾಗುತ್ತದೆ. ನೀವಿನ್ನೂ ಏನೂ ಕೆಡಿಸಿಲ್ಲ. ಆದರೆ ಐದನೇ ದಿನ, ಆರನೇ ದಿನ ಅಂತ ಮುಂದೂಡಬೇಡಿ. ಬ್ಯಾಗ್ ಯಾರೋ ಮುಟ್ಟಿದ್ದಾರೆ ಅಂತ ಅವನಿಗೆ ಈಗಾಗಲೇ ಗೊತ್ತಿರಬಹುದು. ನೀವು ಸುಮ್ಮನಿದ್ದಷ್ಟೂ ಅವನು ಸುಳ್ಳನ್ನು ಹೊಂದಿಸಿಕೊಳ್ಳುತ್ತಾನೆ.

ಹೊಡೆಯುವ ವಿಷಯ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅಂತ ಗಾದೆ ಹೇಳಿಕೊಂಡು ಬೆಲ್ಟ್ ಬಿಚ್ಚಿದ ತಂದೆಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊಡೆದರೆ ಅವನು ಸೇದುವುದನ್ನು ಬಿಡುವುದಿಲ್ಲ. ಹೇಳುವುದನ್ನು ಬಿಡುತ್ತಾನೆ. ಈ ವ್ಯತ್ಯಾಸವನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮಕ್ಕಳ ಮೇಲೆ ಕಣ್ಣಿಡಿ ಅಂತ ನಾವು ಡಾಕ್ಟರುಗಳೇ ವರ್ಷಗಟ್ಟಲೆ ಹೇಳಿಕೊಂಡು ಬಂದೆವು. ಮಗ ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ ಅಂತ ಗೊತ್ತಿರುವ ಮನೆಗಳಲ್ಲಿ ತೊಂದರೆ ಕಡಿಮೆ ಅನ್ನುವುದೂ ನಿಜವೇ. ಆದರೆ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಇಬ್ಬರು ಸಂಶೋಧಕರು ಸ್ವೀಡನ್‌ನ 14 ವರ್ಷದ ಮಕ್ಕಳನ್ನು, ಅವರ ತಂದೆ ತಾಯಿಯನ್ನು ಕೇಳಿ ನೋಡಿದರು. ಮನೆಯವರಿಗೆ ಈ ವಿಷಯವೆಲ್ಲ ಗೊತ್ತಾಗಿದ್ದು ಹೇಗೆ? 2000ರಲ್ಲಿ ಅವರು ಬರೆದ ಉತ್ತರ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಹೆಚ್ಚಿನದು ಗೊತ್ತಾಗಿದ್ದು ಪತ್ತೆ ಹಚ್ಚಿದ್ದರಿಂದ ಅಲ್ಲ, ಮಕ್ಕಳು ತಾವಾಗಿಯೇ ಬಂದು ಹೇಳಿದ್ದರಿಂದ. ಅಂದರೆ ನಿಮ್ಮ ಮಗನ ಬಾಯಿಯೇ ನಿಮಗಿರುವ ದಾರಿ. ಅದನ್ನು ಮುಚ್ಚಿಸಿ ಮೊಬೈಲ್ ಪಾಸ್‌ವರ್ಡ್ ಹುಡುಕಿ ಏನು ಪ್ರಯೋಜನ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನನ್ನು ಕರೆತಂದಿದ್ದರು. ನಾನು ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸಿ ಅರ್ಧ ಗಂಟೆ ಹೆದರಿಸಿದೆ. ಅವನು ಎಲ್ಲದಕ್ಕೂ ತಲೆಯಾಡಿಸಿ, ಆಯ್ತು ಸಾರ್ ಅಂದ. ತಾಯಿಗೆ ಬಹಳ ಸಂತೋಷವಾಯಿತು. ಅವನು ಮತ್ತೆ ಬರಲೇ ಇಲ್ಲ. ಯಾಕೆ ಸೇದುತ್ತೀಯ ಅಂತ ನಾನು ಒಂದು ಮಾತೂ ಕೇಳಿರಲಿಲ್ಲ. ಆಮೇಲೆ ಒಬ್ಬ ಹುಡುಗಿ ಬಂದಳು. ಮೂರನೇ ಭೇಟಿಯವರೆಗೆ ಬಾಯಿ ಬಿಡಲಿಲ್ಲ. ನಾನು ಕಾಯುವುದನ್ನು ಕಲಿತಿದ್ದೆ. ಪರೀಕ್ಷೆ ಹೋದಾಗಿನಿಂದ ರಾತ್ರಿ ನಿದ್ದೆ ಇಲ್ಲ, ಗಾಂಜಾ ಸೇದಿದರೆ ಮಾತ್ರ ಕಣ್ಣು ಮುಚ್ಚುತ್ತದೆ ಅಂತ ಕೊನೆಗೆ ಹೇಳಿದಳು. ಆಮೇಲೆ ನಾವು ಮೊದಲು ಹಿಡಿದದ್ದು ನಿದ್ದೆಯನ್ನು ಮತ್ತು ಅವಳ ಭಯವನ್ನು. ಗಾಂಜಾದ ಮಾತು ನಂತರ ಬಂತು.

ಹಾಗಾಗಿ ಮೊದಲು ನೀವಿಬ್ಬರೂ ಕೂತು ಒಂದು ಮಾತಿಗೆ ಬನ್ನಿ. ಒಬ್ಬರು ಬೈಯುವುದು, ಇನ್ನೊಬ್ಬರು ಅಡಗಿಸಿ ಕಾಪಾಡುವುದು ನಡೆದರೆ ಅವನು ಇಬ್ಬರ ನಡುವೆ ನುಸುಳಿಕೊಂಡು ಹೋಗುತ್ತಾನೆ. ಆಮೇಲೆ ನಿಮ್ಮಲ್ಲಿ ಯಾರ ಜೊತೆ ಅವನಿಗೆ ಸಲಿಗೆ ಜಾಸ್ತಿಯೋ ಅವರೊಬ್ಬರೇ ಮಾತಾಡಿ. ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಈ ವಯಸ್ಸಿನ ಹುಡುಗರು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ, ಜೊತೆಯಲ್ಲಿ ನಡೆಯುವಾಗಲೋ ಗಾಡಿಯಲ್ಲಿ ಹೋಗುವಾಗಲೋ ಪಾತ್ರೆ ಒರೆಸುವಾಗಲೋ ತಾವಾಗಿ ಬಾಯಿ ಬಿಡುತ್ತಾರೆ. ಹೇಗೆ ಶುರು ಮಾಡಲಿ ಅಂದರೆ ಹೀಗೆ: "ಬ್ಯಾಗ್ ತೊಳೆಯೋಕೆ ತೆಗೆದೆ ಕಣೋ, ಇದು ಸಿಕ್ತು. ನನಗೆ ಕೋಪಕ್ಕಿಂತ ಭಯ ಜಾಸ್ತಿ ಆಗಿದೆ. ಇವತ್ತು ಬೈಯಲ್ಲ. ಏನು ನಡೀತಿದೆ ಹೇಳು." ಯಾರೋ ನೋಡಿ ಹೇಳಿದರು ಅಂತ ಕಥೆ ಕಟ್ಟಬೇಡಿ. ಅವನಿಂದ ನಿಜ ಬೇಕಾದರೆ ನಿಮ್ಮದೂ ನಿಜ ಇರಬೇಕು.

'ಯಾರು ಕೊಟ್ಟರು' ಅಂತ ಮಾತ್ರ ಕೇಳಲೇಬೇಡಿ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಅದೇ, ಎಲ್ಲ ಮಾತೂ ನಿಲ್ಲುವುದೂ ಅಲ್ಲೇ. ಗೆಳೆಯನ ಹೆಸರು ಹೇಳುವ ಹುಡುಗ ಇನ್ನೂ ಹುಟ್ಟಿಲ್ಲ. ಯಾವಾಗಿಂದ, ವಾರಕ್ಕೆ ಎಷ್ಟು ಸಲ, ಒಬ್ಬನೇ ಸೇದುತ್ತೀಯಾ ಅಥವಾ ಜೊತೆಯಲ್ಲೋ, ಸೇದಿದಾಗ ಏನು ಹಗುರ ಆಗುತ್ತದೆ, ಒಂದು ವಾರ ಇಲ್ಲದಿದ್ದರೆ ಏನಾಗುತ್ತದೆ, ಇವು ಕೇಳಿ. ಕೇಳಿ ಆದಮೇಲೆ ಬಾಯಿ ಮುಚ್ಚಿಕೊಂಡಿರಿ. ಅವನು ಸುಮ್ಮನಿದ್ದರೆ ನೀವೂ ಸುಮ್ಮನಿರಿ. 'ಅದು ನನ್ನದಲ್ಲ, ಫ್ರೆಂಡ್‌ದು' ಅಂದರೆ ವಾದ ಬೇಡ. "ಸರಿ, ಆದರೂ ಅದು ಈ ಮನೆಗೆ ಬರಬಾರದು" ಅನ್ನಿ.

ನಿಯಮ ಬೇಕೇ ಬೇಕು. ಗೆಳೆಯನ ಹಾಗೆ ಇರುತ್ತೇನೆ ಅಂತ ಸಡಿಲ ಬಿಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಇದು ಇಲ್ಲ ಅಂತ ನೇರವಾಗಿ, ಒಂದೇ ಸಲ, ಸಣ್ಣ ದನಿಯಲ್ಲಿ ಹೇಳಿ. ಮುರಿದರೆ ಸಣ್ಣ ಶಿಕ್ಷೆ, ಆದರೆ ತಪ್ಪದೇ ಅದೇ ದಿನ. ಎರಡು ಸಂಜೆ ಮೊಬೈಲ್ ಇಲ್ಲ ಅಂದರೆ ಎರಡೇ ಸಂಜೆ. ಮನೆಯಿಂದ ಆಚೆ ಹಾಕುತ್ತೇನೆ ಅಂತ ನೀವು ಮಾಡಲಾಗದ್ದನ್ನು ಹೇಳಿದರೆ ಮುಂದಿನ ಮಾತಿಗೂ ಬೆಲೆ ಇರುವುದಿಲ್ಲ. ಇದರ ಜೊತೆಗೆ ಒಂದು ಮಾತು ಕೊಡಿ: ಎಲ್ಲಿಗೇ ಹೋಗಿರಲಿ, ಎಷ್ಟೇ ಹೊತ್ತಾಗಿರಲಿ, ಕುಡಿದಿರಲಿ, ಹೆದರಿಕೆ ಆದರೆ ಫೋನ್ ಮಾಡು, ಬಂದು ಕರೆದುಕೊಂಡು ಬರುತ್ತೇನೆ, ಆ ರಾತ್ರಿ ಒಂದೂ ಪ್ರಶ್ನೆ ಕೇಳುವುದಿಲ್ಲ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ.

ಒಂದೆರಡು ಸಲ ರುಚಿ ನೋಡಿದವರೆಲ್ಲ ಚಟಕ್ಕೆ ಬೀಳುವುದಿಲ್ಲ, ಅಷ್ಟು ಧೈರ್ಯ ಇರಲಿ. ಆದರೆ ಹಗುರವಾಗಿಯೂ ತೆಗೆದುಕೊಳ್ಳಬೇಡಿ. ಗಾಂಜಾ ಸೇದುವ ಸುಮಾರು ಹತ್ತರಲ್ಲಿ ಒಬ್ಬರಿಗೆ ಚಟ ಹಿಡಿಯುತ್ತದೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ. ಮುಂದಾಲೋಚನೆ ಮಾಡಿ ತಡೆಯುವ ಮಿದುಳಿನ ಮುಂಭಾಗ ಬಲಿಯುವುದು ಸುಮಾರು 25ರ ಹೊತ್ತಿಗೆ. ಅದಕ್ಕೇ ಶುರುವನ್ನು ಎಷ್ಟು ವರ್ಷ ಮುಂದೂಡಿಸಿದರೂ ಅದು ಗೆಲುವೇ.

ಅವನು ಬಿಡಲು ಒಪ್ಪಿದ ಅಂದುಕೊಳ್ಳೋಣ. ಮೊದಲ ವಾರ ನಿಮಗೇ ಕಷ್ಟ. ನಿಕೋಟಿನ್ ನಿಂತ ಎರಡು ಮೂರು ದಿನಕ್ಕೆ ಸಿಡುಕು, ಚಡಪಡಿಕೆ ಜೋರಾಗುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ದಿನವೂ ಗಾಂಜಾ ಸೇದುತ್ತಿದ್ದವರಿಗೆ ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ. ಈ ದಿನಗಳಲ್ಲಿ ಬಾಗಿಲು ಬಡಿದರೆ, ಎದುರು ಮಾತಾಡಿದರೆ, ನೋಡಿ ಮತ್ತೆ ಶುರು ಮಾಡಿದ್ದಾನೆ ಅಂತ ಮೇಲೆ ಬೀಳುತ್ತೀರಿ. ಬಿಟ್ಟಿದ್ದಕ್ಕೇ ಹಾಗಾಡುತ್ತಿರುತ್ತಾನೆ. ಮತ್ತೊಮ್ಮೆ ಎಡವಿದರೂ ಎಲ್ಲ ಮುಗಿಯಿತು ಅನ್ನಬೇಡಿ.

ಯಾವಾಗ ಡಾಕ್ಟರ ಹತ್ತಿರ ತರಬೇಕು? ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನುತ್ತಿದ್ದರೆ, ಒಬ್ಬನೇ ಕೂತು ಸೇದುತ್ತಿದ್ದರೆ, ದುಡ್ಡು ಕಾಣೆಯಾಗುತ್ತಿದ್ದರೆ, ಶಾಲೆ ಬಿಟ್ಟಿದ್ದರೆ, ಸೂಜಿಯೋ ಹೆಸರಿಲ್ಲದ ಮಾತ್ರೆಯೋ ಸಿಕ್ಕರೆ, ಆ ವಾರವೇ ಬನ್ನಿ. ಯಾರೋ ನನ್ನ ಹಿಂದೆ ಬಿದ್ದಿದ್ದಾರೆ ಅಂದರೆ, ಇಲ್ಲದ ದನಿ ಕೇಳಿಸುತ್ತದೆ ಅಂದರೆ, ಸಾಯುವ ಮಾತಾಡಿದರೆ ಅದೇ ದಿನ. ಮನೆತನದಲ್ಲಿ ಯಾರಿಗಾದರೂ ಅಂಥ ಮಾನಸಿಕ ಕಾಯಿಲೆ ಇದ್ದರೆ ಗಾಂಜಾ ಇನ್ನೂ ಅಪಾಯ, ಅದನ್ನು ಮುಚ್ಚಿಡದೆ ಹೇಳಿ.

ಇನ್ನು ಅಣ್ಣ ಹೇಳಿದ ಹಾಸ್ಟೆಲ್. ಹತ್ತಿರವಿದ್ದಾಗಲೇ ಕಾಣದ್ದು ದೂರ ಹೋದರೆ ಕಾಣುತ್ತದೆಯೇ? ಚಟ ಬಿಡಿಸುತ್ತೇವೆ ಅಂತ ಬಲವಂತವಾಗಿ ಎತ್ತಿಕೊಂಡು ಹೋಗಿ ಕೂಡಿಹಾಕಿ ಬಡಿಯುವ ಜಾಗಗಳಿಗಂತೂ ದಯವಿಟ್ಟು ಮಗುವನ್ನು ಒಪ್ಪಿಸಬೇಡಿ. ಅಲ್ಲಿಂದ ಬಂದವರ ಗಾಯಕ್ಕೆ ನಾನು ಚಿಕಿತ್ಸೆ ಕೊಟ್ಟಿದ್ದೇನೆ. ಇನ್ನೊಂದು, ತೊಂದರೆಯಲ್ಲಿರುವ ಹುಡುಗರನ್ನೇ ಒಂದು ಕಡೆ ಸೇರಿಸಿ ಪಾಠ ಹೇಳಿದಾಗ ಅವರ ಸಿಗರೇಟ್ ಸೇವನೆ ಹೆಚ್ಚಿತು ಅಂತ ಅಮೆರಿಕದ ಸಂಶೋಧಕರು 1990ರ ದಶಕದಲ್ಲೇ ಕಂಡುಕೊಂಡಿದ್ದಾರೆ. ಸಹವಾಸ ತಪ್ಪಿಸಲು ಹೋಗಿ ಅದೇ ಸಹವಾಸಕ್ಕೆ ದೂಡಿದ ಹಾಗೆ ಆಗಬಾರದು ಅಲ್ವಾ?

ಪ್ರಶ್ನೆ: ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡುವ ಕಿಟ್ ತರಿಸಲೇ?

ಉತ್ತರ: ಬೇಡ. ಸಾಮಾನ್ಯ ಕಿಟ್‌ನಲ್ಲಿ ನಿನ್ನೆ ಕುಡಿದದ್ದು ಕಾಣುವುದಿಲ್ಲ. ದಿನವೂ ಸೇದುತ್ತಿದ್ದವನು ಗಾಂಜಾ ಬಿಟ್ಟು ಮೂರು ವಾರವಾದರೂ ಕಾಣಬಹುದು. ಕೆಲವು ನೆಗಡಿ ಮಾತ್ರೆಗಳೂ ತಪ್ಪು ಫಲಿತಾಂಶ ಕೊಡುತ್ತವೆ. ನಿಜವಾಗಿ ಬಿಟ್ಟ ಮಗುವನ್ನು ಕಳ್ಳ ಅಂದುಬಿಡುತ್ತೀರಿ.

ಪ್ರಶ್ನೆ: ನಾನೇ ಸಿಗರೇಟ್ ಸೇದುತ್ತೇನೆ. ಮಗನಿಗೆ ಯಾವ ಬಾಯಲ್ಲಿ ಹೇಳಲಿ?

ಉತ್ತರ: ಅದೇ ಬಾಯಲ್ಲಿ. ಬಿಡಲು ಎಷ್ಟು ಸಲ ಪ್ರಯತ್ನಪಟ್ಟು ಸೋತಿದ್ದೀರಿ ಅಂತ ಹೇಳಿ. ಆಮೇಲೆ ಇನ್ನೊಂದು ಸಲ ಪ್ರಯತ್ನಪಡಿ, ಈ ಸಲ ಔಷಧದ ಸಹಾಯ ತಗೊಳ್ಳಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ವರ್ಷಕ್ಕೊಂದು ಭಾಷಣ, ಜಾಥಾ ಮಾಡಿಸುತ್ತೇವೆ. ಸಾಕೇ?

ಉತ್ತರ: ಸಾಲದು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಡೇರ್ ಎಂಬ ಮಾದಕ ವಸ್ತು ವಿರೋಧಿ ಕಾರ್ಯಕ್ರಮದಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುತ್ತಿದ್ದರು. ಬೇಕಾದಷ್ಟು ಹಣ ಖರ್ಚಾಯಿತು. ಅಳೆದು ನೋಡಿದರೆ ಮಕ್ಕಳ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಐಸ್‌ಲ್ಯಾಂಡ್ ಬೇರೆ ದಾರಿ ಹಿಡಿಯಿತು. ಅಲ್ಲಿ 1998ರಲ್ಲಿ 15-16 ವಯಸ್ಸಿನವರಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದವರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ದಿನವೂ ಸಿಗರೇಟ್ ಸೇದುವವರು ಶೇ 23ರಿಂದ 3ಕ್ಕೆ ಬಂದರು. ಶಾಲೆ ಮುಗಿದ ಮೇಲೆ ಆಟ, ಸಂಗೀತ, ಕುಣಿತಕ್ಕೆ ಸರ್ಕಾರ ದುಡ್ಡು ಹಾಕಿತು, ಮಕ್ಕಳು ರಾತ್ರಿ ಹೊತ್ತು ಹೊರಗೆ ಅಲೆಯುವುದನ್ನು ತಡೆಯಿತು, ತಂದೆ ತಾಯಂದಿರು ಒಂದಾಗಿ ಒಪ್ಪಂದ ಮಾಡಿಕೊಂಡರು. ನಿಮ್ಮ ಜಾಥಾದ ಹಣದಲ್ಲಿ ಸಂಜೆ ಎರಡು ಗಂಟೆ ಮೈದಾನ ತೆರೆದಿಡಿ.

ಪ್ರಶ್ನೆ: ವೇಪ್ ಅಂದರೆ ಇ-ಸಿಗರೇಟಿನಲ್ಲಿ ಬರೀ ಪರಿಮಳದ ಆವಿ ಅಂತಾಳೆ ಮಗಳು. ಹೌದೇ?

ಉತ್ತರ: ಅಲ್ಲ. ಹೆಚ್ಚಿನದರಲ್ಲಿ ನಿಕೋಟಿನ್ ಇರುತ್ತದೆ. ಚಟ ಹಿಡಿಸುವುದೇ ಅದು.

ಪ್ರಶ್ನೆ: ಮೊನ್ನೆ ಮಗಳು ಕುಡಿದು ಬಂದಳು. ಹಾಗೇ ಮಲಗಿಸಿದೆವು. ಬೆಳಿಗ್ಗೆ ಹೊತ್ತಿಗೆ ಇಳಿಯುತ್ತದೆ ಅಲ್ವಾ?

ಉತ್ತರ: ಇನ್ನು ಮುಂದೆ ಹಾಗೆ ಬಿಡಬೇಡಿ. ಕುಡಿಯುವುದು ನಿಂತ ಮೇಲೂ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಗ್ಗುಲಾಗಿ ಮಲಗಿಸಿ, ಅಂಗಾತ ಬೇಡ. ವಾಂತಿ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟಬಹುದು. ಒಬ್ಬರು ಪಕ್ಕದಲ್ಲೇ ಕೂತಿರಿ. ಕಾಫಿ, ತಣ್ಣೀರು ಸ್ನಾನ ಯಾವುದೂ ಅಮಲು ಇಳಿಸುವುದಿಲ್ಲ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬಿಡುವು ಬಂದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ ಮರ್ಯಾದೆ ಯೋಚನೆ ಮಾಡುತ್ತ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ. ಎಷ್ಟು ಕುಡಿದಿದ್ದಾಳೆ, ಜೊತೆಗೆ ಮಾತ್ರೆ ಏನಾದರೂ ನುಂಗಿದ್ದಾಳಾ ಅಂತ ಆಸ್ಪತ್ರೆಯಲ್ಲಿ ಕೇಳುತ್ತಾರೆ. ಅದು ಗೊತ್ತಿರುವುದು ಅವಳ ಗೆಳತಿಗೆ. ಫೋನ್ ಮಾಡಿ ಕೇಳಿ. ಆ ಹುಡುಗಿಯನ್ನು ಬೈಯಬೇಡಿ, ಅವಳು ನಿಜ ಹೇಳಬೇಕು.